ಲುತ್ಫಿ ದಲ್ಲಾಳಿ ಹಿಡಿದದ್ದು

ಕೈರೋದ ಶುಬ್ರಾ ಬಡಾವಣೆಯಲ್ಲಿ ಒಂದು ಮಾತು ಕುದುರಿತೆಂದರೆ ಅದಕ್ಕೆ ಕಾಗದ ಬೇಡ, ಸಾಕ್ಷಿ ಬೇಡ. ಇಬ್ಬರೂ ಎದೆಯ ಮುಂದೆ ಅಂಗೈ ಬಿಡಿಸಿ ಹಿಡಿದು, ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿ, ಮುಖ ಸವರಿಕೊಂಡರೆ ಮುಗಿಯಿತು. ಹೆಣ್ಣು ಕೊಡುವುದಕ್ಕೂ ಅದೇ, ಅಂಗಡಿ ಮಾರುವುದಕ್ಕೂ ಅದೇ, ಅಣ್ಣತಮ್ಮಂದಿರ ಜಗಳ ನಿಲ್ಲಿಸುವುದಕ್ಕೂ ಅದೇ. ಹಾಗೆ ಓದಿ ಆಮೇಲೆ ಹಿಂದೆ ಸರಿದವನಿಗೆ ಚಹಾದಂಗಡಿಯವನು ಕೂಡ ಮುಖ ಕೊಟ್ಟು ಮಾತಾಡುವುದಿಲ್ಲ.

ನೀರು ಸರಬರಾಜು ಕಚೇರಿಯ ಗುಮಾಸ್ತ ಲುತ್ಫಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವನ ಕಷ್ಟವೇ ಬೇರೆ. ಎದುರಿಗಿದ್ದವರು ಅಂಗೈ ಎತ್ತಿದರೆ ಸಾಕು, ಅವನ ಕೈಗಳು ಅವನನ್ನು ಕೇಳದೆಯೇ ಮೇಲೇಳುತ್ತಿದ್ದವು. ಇನ್ನೊಬ್ಬರ ಕೈ ಗಾಳಿಯಲ್ಲಿ ಒಂಟಿಯಾಗಿ ನಿಂತಿರುವುದನ್ನು ನೋಡಿಕೊಂಡು ಸುಮ್ಮನಿರುವ ಎದೆಗಾರಿಕೆ ಅವನಿಗೆ ಇರಲಿಲ್ಲ. ಮೂವತ್ತೆಂಟು ವರ್ಷದ ಬಾಳಿನಲ್ಲಿ 'ಇಲ್ಲ' ಎಂಬ ಎರಡಕ್ಷರ ಅವನ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ಕಚೇರಿಯಲ್ಲಿ ಅವನ ಮೇಜಿನ ಮುಂದೆ ಮಾತ್ರ ಯಾವಾಗಲೂ ಉದ್ದ ಸಾಲು ಇರುತ್ತಿತ್ತು. ನಿಮ್ಮ ಮನೆಗೆ ನಾಳೆಯೇ ನೀರು ಬರುತ್ತದೆ ಎಂದು ಎಲ್ಲರಿಗೂ ಹೇಳಿ ಕಳಿಸುತ್ತಿದ್ದ. ನೀರು ಬಾರದವರೆಲ್ಲ ಮಾರನೆಯ ದಿನ ಮತ್ತೆ ಬಂದು ಅದೇ ಸಾಲಿನಲ್ಲಿ ನಿಲ್ಲುತ್ತಿದ್ದರು.

ಎರಡು ವರ್ಷದ ಹಿಂದೆ ಅವನಿಗೆ ಸಫೀನಾಜ್ ಎಂಬ ಹುಡುಗಿ ಗೊತ್ತಾಗಿದ್ದಳು. ಸರ್ಕಾರಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ, ಚುರುಕಾದ ಕಣ್ಣು, ಕಡಿಮೆ ಮಾತು. ಅವಳ ತಂದೆ ರಿಫಾತ್ ಮೇಷ್ಟ್ರು ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅಂದು ಫಾತಿಹಾ ಓದಿ ಹೆಣ್ಣು ಕೊಡುತ್ತೇನೆಂದವರು, ಮನೆ ಎಲ್ಲಿ ಎಂದು ಪ್ರತಿ ವಾರ ಕೇಳಿ ಕೇಳಿ ಈಗ ಕೊನೆಯ ಮಾತು ಹೇಳಿಬಿಟ್ಟಿದ್ದರು.

"ನೋಡಪ್ಪಾ ಲುತ್ಫಿ, ರಂಜಾನ್ ತಿಂಗಳಿಗೆ ಇನ್ನು ಮೂರು ವಾರ. ಅಷ್ಟರೊಳಗೆ ನೀನು ಮನೆ ಪತ್ರ ತಂದು ಈ ಮೇಜಿನ ಮೇಲೆ ಇಟ್ಯೋ, ನನ್ನ ಮಗಳು ನಿನ್ನವಳು. ಇಡ್ಲಿಲ್ವೋ, ನಿನ್ನ ಉಂಗುರ ನೀನು ತಗೊಂಡು ಹೋಗು. ಮನೆ ಆರಿಸೋದು ದೊಡ್ಡ ಮಾತಲ್ಲ, ದಲ್ಲಾಳಿನ ಆರಿಸೋದು ದೊಡ್ಡ ಮಾತು. ಕೆಟ್ಟ ದಲ್ಲಾಳಿ ಸಿಕ್ಕಿದ್ರೆ ಕಟ್ಟದೇ ಇರೋ ಮನೇನೂ ಮಾರಿಬಿಡ್ತಾನೆ."

ಇಲ್ಲಿ ಲುತ್ಫಿ ಹೂಂ ಎಂದು ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪರದೆಯ ಹಿಂದೆ ಸಫೀನಾಜ್ ನಿಂತಿರುವುದು ಅವನಿಗೆ ಕಂಡಿತು.

"ಮಾವ, ದಲ್ಲಾಳಿಗಳು ನನ್ನನ್ನ ಏನೂ ಮಾಡಕ್ಕಾಗಲ್ಲ" ಎಂದ. "ನನ್ನದೇ ಒಂದು ಪದ್ಧತಿ ಇದೆ. ಹನ್ನೊಂದು ಪ್ರಶ್ನೆ. ಹನ್ನೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟವನೇ ನನ್ನ ದಲ್ಲಾಳಿ."

ಅಂಥ ಪದ್ಧತಿ ಯಾವುದೂ ಇರಲಿಲ್ಲ. ಮನೆಗೆ ಬಂದು ಕೂತು ಹನ್ನೊಂದು ಪ್ರಶ್ನೆಗಳನ್ನು ಹುಟ್ಟಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಯಿತು. ಎಂಟಾದ ಮೇಲೆ ಹೊಳೆಯದೆ, ನೀರಿನ ಕೊಳಾಯಿ ಅರ್ಜಿಯಿಂದ ಮೂರನ್ನು ಎತ್ತಿ ಸೇರಿಸಿದ.

ಮೊದಲು ಹೋದದ್ದು ಶಾಹೀನ್ ಎಂಬುವನ ಕಚೇರಿಗೆ. ಗಾಜಿನ ಬಾಗಿಲು, ಎರಡು ಫೋನು, ಒಳಗೆ ಕಾಲಿಟ್ಟರೆ ಉಸಿರು ಕಟ್ಟುವಷ್ಟು ಅತ್ತರಿನ ವಾಸನೆ.

"ಬನ್ನಿ ಪಾಷಾ, ಬನ್ನಿ! ನಿಮ್ಮನ್ನ ನೋಡಿದ ತಕ್ಷಣ ಗೊತ್ತಾಯ್ತು, ದೊಡ್ಡ ಅಧಿಕಾರಿ ಅಂತ."

ಲುತ್ಫಿಯನ್ನು ಅಲ್ಲಿಯವರೆಗೆ ಯಾರೂ ಪಾಷಾ ಎಂದಿರಲಿಲ್ಲ. ಅವನು ಪ್ರಶ್ನೆ ಬರೆದುಕೊಂಡಿದ್ದ ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡು, ಮೊದಲ ಪ್ರಶ್ನೆ ಓದಿದ. "ಈ ಕಸುಬಿನಲ್ಲಿ ತಮಗೆ ಎಷ್ಟು ವರ್ಷದ ಅನುಭವ?"

"ಪಾಷಾ, ಅನುಭವ ಅಂದ್ರೆ ಏನು? ನಂಬಿಕೆ! ನೀವು ನನ್ನನ್ನ ನಂಬ್ತೀರಾ? ನಂಬ್ತೀರಿ, ಕಣ್ಣಲ್ಲೇ ಕಾಣ್ತಿದೆ. ನಾನು ನಿಮ್ಮನ್ನ ನಂಬಿದೀನಿ. ಮತ್ತೆ ತಡ ಯಾಕೆ? ಫಾತಿಹಾ!" ಎಂದು ಶಾಹೀನ್ ಅಂಗೈ ಎತ್ತಿದ. ಲುತ್ಫಿಯ ಪುಸ್ತಕ ನೆಲಕ್ಕೆ ಬಿತ್ತು.

ಹೊರಗೆ ಬಂದ ಮೇಲೆ ಲುತ್ಫಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ಮರ್ಯಾದೆಗೆ ಓದಿದ್ದು, ಪರೀಕ್ಷೆ ಇನ್ನೂ ಬಾಕಿ ಇದೆ ಎಂದುಕೊಂಡು ಮನೆಯ ಕಡೆ ನಡೆದ. ಅವನು ಬಾಡಿಗೆಗಿದ್ದ ಕಟ್ಟಡದ ಬಾಗಿಲ ಬೆಂಚಿನ ಮೇಲೆ ಕಾವಲುಗಾರ ಬಖೀತ್ ಚಾಚಾ ಕೂತಿದ್ದ. ಕೈರೋದಲ್ಲಿ ಕಾವಲುಗಾರನಿಗೆ ತಿಳಿಯದೆ ಒಂದು ಮನೆ ಖಾಲಿಯಾಗುವುದಿಲ್ಲ, ಒಂದು ಮನೆ ತುಂಬುವುದೂ ಇಲ್ಲ.

"ಏನ್ ಸಾಹೇಬ್ರೇ, ಮನೆ ಹುಡುಕ್ತಿದ್ದೀರಂತೆ? ನನ್ನನ್ನ ಬಿಟ್ಟು ಗಾಜಿನಂಗಡಿಗೆ ಹೋಗಿದ್ರಂತೆ? ಹನ್ನೆರಡು ವರ್ಷ ನಿಮ್ಮ ಬಾಗಿಲು ಕಾದೆ. ನಿಮಗೆ ಜ್ವರ ಬಂದಾಗ ನಿಂಬೆಹಣ್ಣು ತಂದುಕೊಟ್ಟೋನು ಆ ಅತ್ತರಿನವನಾ?"

"ಹೌದು ಚಾಚಾ, ಅಂದ್ರೆ ಅವನಲ್ಲ, ಅಂದ್ರೆ ನನ್ನದೊಂದು ಪರೀಕ್ಷೆ..." ಎಂದು ಲುತ್ಫಿ ತೊದಲುವಷ್ಟರಲ್ಲಿ ಚಾಚಾನ ಎರಡು ಕಪ್ಪು ಅಂಗೈಗಳು ಮೇಲೆದ್ದವು, ನಿಂಬೆಹಣ್ಣು ಕಣ್ಣ ಮುಂದೆ ಬಂತು, ಎರಡನೆಯ ಫಾತಿಹಾ ಮುಗಿಯಿತು.

ಮೂರನೆಯದು ಇಸ್ತ್ರಿ ಅಂಗಡಿಯಲ್ಲಿ. ಗಂಡ ಸತ್ತ ಮೇಲೆ ಅಂಗಡಿ ನಡೆಸುತ್ತಿದ್ದ ಹಾಜ್ಜಾ ಇನ್ಸಾಫ್‌ಗೆ ಪ್ರತಿ ಮನೆಯ ಬಟ್ಟೆಯೂ ಗೊತ್ತು, ಬಟ್ಟೆಯ ಹಿಂದಿನ ಸಂಸಾರವೂ ಗೊತ್ತು. ಯಾರ ಹಾಸಿಗೆ ಹೊದಿಕೆ ಇಸ್ತ್ರಿಗೆ ಬರುವುದು ನಿಂತಿತೋ ಅವರು ಮನೆ ಬಿಡುತ್ತಾರೆ ಎಂದು ಲೆಕ್ಕ ಹಾಕಿ ಅವಳು ದಲ್ಲಾಳಿ ಕೆಲಸಕ್ಕೂ ಇಳಿದಿದ್ದಳು. ಲುತ್ಫಿ ಹೋದದ್ದು ತನ್ನ ಒಂದೇ ಒಂದು ಒಳ್ಳೆಯ ಪ್ಯಾಂಟು ತರಲು. ಅವಳು ಪ್ಯಾಂಟನ್ನು ಮೊಳೆಗೆ ನೇತುಹಾಕಿ, ಅದಕ್ಕೂ ಅವನಿಗೂ ನಡುವೆ ನಿಂತಳು.

"ಕಂದಾ, ನಿನ್ನ ತಾಯಿ ನನ್ನ ಅಕ್ಕ ಇದ್ದ ಹಾಗಿದ್ದಳು, ಅವಳ ಆತ್ಮಕ್ಕೆ ಶಾಂತಿ ಸಿಗಲಿ. ನಿನಗೆ ಮನೆ ನಾನು ಹುಡುಕದೆ ಇನ್ಯಾರು ಹುಡುಕ್ತಾರೆ? ಎತ್ತು ಕೈ."

ಲುತ್ಫಿ ಎತ್ತಿದ. ಹಾಗೆ ಎತ್ತದಿದ್ದರೆ ಪ್ಯಾಂಟು ಸಿಗುತ್ತಿತ್ತೋ ಇಲ್ಲವೋ ಎಂಬುದನ್ನು ಈಗ ಚರ್ಚಿಸಿ ಪ್ರಯೋಜನವಿಲ್ಲ.

ಭಾನುವಾರ ಶಾಹೀನ್ ಅವನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಒಂದು ಮನೆ ತೋರಿಸಿದ. ನಾಲ್ಕನೆಯ ಮಹಡಿ, ಉತ್ತರದ ಗಾಳಿ ನೇರವಾಗಿ ಒಳಗೆ ಬರುವ ಬಾಲ್ಕನಿ, ಎರಡು ಕೋಣೆ, ಹಿಂದೆ ಇನ್ನೊಂದು ಸಣ್ಣ ಕೋಣೆ. ಮನೆಯೊಡತಿ ಮದಾಮ್ ಓದೆತ್ ಎಂಬ ವಯಸ್ಸಾದ ವಿಧವೆ. ಅಲೆಕ್ಸಾಂಡ್ರಿಯಾದಲ್ಲಿದ್ದ ತಂಗಿಯ ಜೊತೆ ಇರಲು ಹೊರಟವಳು, ಅವನಿಗೆ ಕಾಫಿ ಕೊಟ್ಟಳು. ಲುತ್ಫಿಗೆ ಮನೆ ತುಂಬ ಹಿಡಿಸಿತು. ಆ ಬಾಲ್ಕನಿಯಲ್ಲಿ ಸಫೀನಾಜ್ ಬಟ್ಟೆ ಒಣಹಾಕುವುದನ್ನೂ ತಾನು ಕ್ಲಿಪ್ಪು ಎತ್ತಿಕೊಡುವುದನ್ನೂ ಮನಸ್ಸಿನಲ್ಲೇ ಕಂಡು ಅವನ ಎದೆ ತುಂಬಿ ಬಂತು.

ಮಂಗಳವಾರ ಬಖೀತ್ ಚಾಚಾ ಅವನನ್ನು ಗಲ್ಲಿಗಲ್ಲಿ ಸುತ್ತಿಸಿ ಒಂದು ಮನೆಗೆ ಕರೆದುಕೊಂಡು ಹೋದ. ನಾಲ್ಕನೆಯ ಮಹಡಿ, ಉತ್ತರದ ಗಾಳಿ, ಮದಾಮ್ ಓದೆತ್.

ಇದನ್ನು ನೋಡಿದ್ದೇನೆ ಎಂದರೆ ಯಾರ ಜೊತೆ ಎಂದು ಕೇಳುತ್ತಾನೆ. ಲುತ್ಫಿ ಬಾಗಿಲಲ್ಲೇ ಬೆರಗಾದವನಂತೆ ಕಣ್ಣರಳಿಸಿ "ಅಬ್ಬಾ, ಎಂಥ ಗಾಳಿ!" ಎಂದ. ಮದಾಮ್ ಅವನನ್ನು ವಿಚಿತ್ರವಾಗಿ ನೋಡಿ ಕಾಫಿ ಕೊಟ್ಟಳು. ಗುರುವಾರ ಹಾಜ್ಜಾ ಇನ್ಸಾಫ್ ಜೊತೆ ಬಂದು ಮೂರನೆಯ ಸಲ ಬೆರಗಾದಾಗ ಮದಾಮ್‌ಗೆ ಕನಿಕರವೇ ಉಕ್ಕಿತು. ಇಷ್ಟು ಸಣ್ಣ ವಯಸ್ಸಿಗೇ ಮರೆವಿನ ಕಾಯಿಲೆ ಎಂದುಕೊಂಡು, ಅಡುಗೆಮನೆಯ ಬಾಗಿಲು ಇದು, ಕಿಟಕಿ ಅದು ಎಂದು ಅವನಿಗೆ ನಿಧಾನವಾಗಿ ಬಿಡಿಸಿ ಹೇಳಿದಳು.

ಎದುರು ಮನೆಯವರು ಮಾತ್ರ ಬೇರೆ ಲೆಕ್ಕ ಹಾಕಿದರು. ಒಂದೇ ಮನುಷ್ಯ, ಕೈಯಲ್ಲಿ ಪುಸ್ತಕ, ವಾರದಲ್ಲಿ ಮೂರು ಸಲ ಬಂದು ಗೋಡೆ ಕಿಟಕಿ ನೋಡಿ ಹೋಗುತ್ತಾನೆ, ಸಾಲದ್ದಕ್ಕೆ ಸರ್ಕಾರಿ ನೌಕರ. ಮನೆ ತೆರಿಗೆಯವನೇ ಸರಿ! ಸಂಜೆಯೊಳಗೆ ಕಟ್ಟಡದ ಜನ ಅನುಮತಿಯಿಲ್ಲದೆ ಬಾಲ್ಕನಿಗೆ ಹಾಕಿಸಿದ್ದ ಗಾಜುಗಳನ್ನು ಬಿಚ್ಚಿ ಮಂಚದ ಕೆಳಗೆ ಸೇರಿಸಿದರು. ಅಲ್ಲಿನ ಕಾವಲುಗಾರ ಲುತ್ಫಿಯನ್ನು ಮೆಟ್ಟಿಲಲ್ಲಿ ತಡೆದು, "ಸಾಹೇಬ್ರು ದೊಡ್ಡ ಮನಸ್ಸು ಮಾಡ್ಬೇಕು, ನಮ್ಮ ಕಟ್ಟಡಕ್ಕೆ ತೊಂದ್ರೆ ಕೊಡಲ್ಲ ಅಂತ ಒಂದು ಫಾತಿಹಾ" ಎಂದು ಕೈ ಎತ್ತಿದ. ಅದನ್ನೂ ಓದಿ ಇಳಿದ.

ಅಲ್ಲಿಂದ ಮುಂದೆ ಲುತ್ಫಿಯ ನಿದ್ದೆ ಹಾರಿಹೋಯಿತು. ಮನೆ ಬೇಕು, ಅದೇ ಮನೆ ಬೇಕು. ಒಬ್ಬ ದಲ್ಲಾಳಿಯನ್ನು ಆರಿಸಿದರೆ ಇನ್ನಿಬ್ಬರಿಗೆ ಇಲ್ಲ ಎನ್ನಬೇಕು. ಮೂವರೂ "ನಿಮ್ಮ ಬೀಗರಿಗೆ ನಾನೇ ಮನೆ ತೋರಿಸ್ತೀನಿ, ಶುಕ್ರವಾರ ಕರ್ಕೊಂಡು ಬನ್ನಿ" ಎಂದು ಪಟ್ಟು ಹಿಡಿದಿದ್ದರು. ಮೂವರಿಗೂ ಕೋಲೆಬಸವನಂತೆ ತಲೆಯಾಡಿಸಿ ಬಂದಿದ್ದ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ಎರಡನ್ನೂ ಮೂವರು ದಲ್ಲಾಳಿಗಳ ನಡುವೆ ಮೂರು ವಾರದಲ್ಲಿ ಮಾಡಿ ನೋಡು ಎಂದಿರಲಿಲ್ಲ.

"ಕೊನೆಗೆ ಯಾವ ದಲ್ಲಾಳಿನ ಆರಿಸಿದ್ರಿ?" ಎಂದು ಸಫೀನಾಜ್ ಫೋನಿನಲ್ಲಿ ಕೇಳಿದಳು.

"ಪರೀಕ್ಷೆ ನಡೀತಾ ಇದೆ."

"ಹತ್ತು ದಿನದಿಂದ ನಡೀತಾ ಇದೆ. ಲುತ್ಫಿ, ನನಗೆ ಭಯ ಆಗ್ತಿದೆ. ಅಪ್ಪ ಹೇಳಿದ ಮಾತು ವಾಪಸ್ ತಗೊಳ್ಳೋರಲ್ಲ."

ಅವಳಿಗಿಂತ ಹೆಚ್ಚು ಭಯ ಅವನಿಗೇ ಆಗಿತ್ತು. ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಅವನು ಒಂದು ಉಪಾಯ ಮಾಡಿದ. ಶಾಹೀನ್‌ಗೆ ಶುಕ್ರವಾರ ಎರಡು ಗಂಟೆಗೆ ಬಾ ಎಂದ. ಹಾಜ್ಜಾಗೆ ಊಟ ಆದ ಮೇಲೆ ಬನ್ನಿ ಎಂದ. ಬಖೀತ್ ಚಾಚಾಗೆ ಇಳಿಹೊತ್ತಿನ ಅಸರ್ ನಮಾಜಿನ ನಂತರ ಎಂದ. ಒಬ್ಬೊಬ್ಬರು ಬಂದಾಗಲೂ ಬೀಗರಿಗೆ ಮೈ ಹುಷಾರಿಲ್ಲವಂತೆ ಎಂದು ಹೇಳಿ ಕಳಿಸಿಬಿಡುವುದು. ಬೀಗರನ್ನು ಐದು ಗಂಟೆಗೆ ಬರಹೇಳಿ ತಾನೇ ಮನೆ ತೋರಿಸುವುದು.

ಹುಟ್ಟಿದಾಗಿನಿಂದ ಕೈರೋದಲ್ಲೇ ಇದ್ದವನು ಈ ಊರಿನ ಗಡಿಯಾರವನ್ನು ನಂಬಿ ಕೆಟ್ಟ. ಎರಡು ಗಂಟೆ ಎಂದರೆ ಐದಕ್ಕೆ ಹೊರಡುವುದು ಎಂದರ್ಥ. ಊಟ ಆದ ಮೇಲೆ ಎಂದರೆ ಊಟ, ಚಹಾ, ಒಂದು ನಿದ್ದೆ ಎಲ್ಲ ಆದ ಮೇಲೆ. ಅಸರ್ ನಂತರ ಎಂದರೆ ನಂತರದ ಯಾವ ಹೊತ್ತಾದರೂ ನಡೆಯುತ್ತದೆ. ಮದಾಮ್ ಬೀಗದ ಕೈ ಕೊಟ್ಟು ಹೊರಗೆ ಹೋಗಿದ್ದಳು. ಲುತ್ಫಿ ಎರಡರಿಂದ ಐದರವರೆಗೆ ಬೆವರು ಒರೆಸಿಕೊಂಡು ಅವಳ ಮನೆಯ ಬಾಗಿಲು ಕಾದ. ಒಂದು ನರಪಿಳ್ಳೆಯೂ ಬರಲಿಲ್ಲ. ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡು, ಐದಕ್ಕೆ ಸರಿಯಾಗಿ ಬಂದ ರಿಫಾತ್ ಮೇಷ್ಟ್ರು, ಅವರ ಹೆಂಡತಿ ಕರೀಮಾನ್ ಮತ್ತು ಸಫೀನಾಜ್‌ರನ್ನು ನಗುನಗುತ್ತಾ ಒಳಗೆ ಕರೆದ. ಇಡೀ ಶುಬ್ರಾದಲ್ಲಿ ಸಮಯಕ್ಕೆ ಸರಿಯಾಗಿ ಬರುವ ಸಂಸಾರ ಅದೊಂದೇ.

ಮೇಷ್ಟ್ರು ಕೋಣೆಯನ್ನು ಹೆಜ್ಜೆಯಲ್ಲಿ ಅಳೆದರು. ಕರೀಮಾನ್ ಕೊಳಾಯಿ ತಿರುಗಿಸಿ ನೀರು ನೋಡಿದಳು. ಸಫೀನಾಜ್ ಬಾಲ್ಕನಿಗೆ ಹೋಗಿ ನಿಂತಳು, ಗಾಳಿಗೆ ಅವಳ ತಲೆವಸ್ತ್ರದ ಅಂಚು ಹಾರಿತು. ತಿರುಗಿ ಲುತ್ಫಿಯನ್ನು ನೋಡಿ ನಕ್ಕಳು. ಎರಡು ವರ್ಷದಲ್ಲಿ ಅಂಥ ನಗು ಅವನು ಕಂಡಿರಲಿಲ್ಲ.

ಆಗ ಅತ್ತರಿನ ವಾಸನೆ ಬಂತು.

"ಪಾಷಾ! ಸ್ವಲ್ಪ ಟ್ರಾಫಿಕ್ಕು! ಇವರೇನಾ ಬೀಗರು? ನನ್ನ ಮನೆಗೆ ಸ್ವಾಗತ!" ಎನ್ನುತ್ತಾ ಶಾಹೀನ್ ಒಳಗೆ ಬಂದ. ಅವನ ಬೆನ್ನಿಗೇ ಏದುಸಿರು ಬಿಡುತ್ತಾ ಹಾಜ್ಜಾ ಇನ್ಸಾಫ್. ಅವಳ ಹಿಂದೆ ಬಖೀತ್ ಚಾಚಾ.

"ನಿನ್ನ ಮನೆಯಾ?" ಎಂದಳು ಹಾಜ್ಜಾ. "ಈ ಮದಾಮ್ ಹೊದಿಕೆ ಇಪ್ಪತ್ತು ವರ್ಷದಿಂದ ಇಸ್ತ್ರಿ ಮಾಡ್ತಿರೋಳು ನಾನು. ಗಿರಾಕಿ ನನ್ನೋನು, ಫಾತಿಹಾ ಓದಿದ್ದಾನೆ."

"ಏನಮ್ಮಾ, ಇಸ್ತ್ರಿ ತುಂಬ ಕಾದಿದೆಯಾ? ನನ್ನ ಹತ್ರ ಮೊದಲು ಓದಿದ್ದಾರೆ!"

"ಇಬ್ಬರೂ ಸುಮ್ನಿರಿ" ಎಂದ ಚಾಚಾ. "ಹನ್ನೆರಡು ವರ್ಷ ಬಾಗಿಲು ಕಾದೋನು ನಾನು. ನನ್ನ ಬೆಂಚಿನ ಮೇಲೇ ಓದಿದ್ದು."

ಮೂವರ ಗಲಾಟೆಗೆ ಮಹಡಿಯ ಬಾಗಿಲುಗಳೆಲ್ಲ ತೆರೆದವು. ರಿಫಾತ್ ಮೇಷ್ಟ್ರು ತರಗತಿಯಲ್ಲಿ ಎತ್ತುತ್ತಿದ್ದ ಹಾಗೆ ಒಂದು ಬೆರಳೆತ್ತಿದರು. ಎಲ್ಲರೂ ಸುಮ್ಮನಾದರು.

"ಲುತ್ಫಿ, ಎಷ್ಟು ಜನರ ಜೊತೆ ಫಾತಿಹಾ ಓದಿದೀಯ?"

"ಮೂ... ಮೂರು ಮಾವ."

ಬಾಗಿಲಿಂದ ಆ ಕಟ್ಟಡದ ಕಾವಲುಗಾರ ತಲೆ ಹಾಕಿದ. "ನಾಲ್ಕು, ಸ್ವಾಮಿ. ನನ್ನ ಜೊತೇನೂ ಓದಿದಾರೆ. ನಮ್ಮ ಕಟ್ಟಡಕ್ಕೆ ತೆರಿಗೆ ಹಾಕಲ್ಲ ಅಂತ."

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಹಾಗಾದ್ರೆ ನಮ್ಮದು ಐದನೇದು. ನನ್ನ ಮಗಳ ಫಾತಿಹಾನೂ ನೀನು ಹೀಗೇ ಓದಿದ್ದು ತಾನೆ? ನಾನು ಕೈ ಎತ್ತಿದೆ, ನೀನೂ ಎತ್ತಿದೆ. ನಾಳೆ ಇನ್ನೊಬ್ಬರು ಹೆಣ್ಣಿದೆ ಅಂತ ಕೈ ಎತ್ತಿದ್ರೆ? ಅವರಿಗೂ ಎತ್ತುತ್ತೀಯ! ಸಾಕು. ನನ್ನ ಮಾತು ನಾನು ವಾಪಸ್ ತಗೊಂಡೆ. ಕರೀಮಾನ್, ನಡಿ."

ಬೇರೆಯವರ ಜೊತೆಗೆಲ್ಲ ಮರ್ಯಾದೆಗೆ ಓದಿದ್ದು ನಿಜ, ಆದರೆ ಅದೊಂದನ್ನು ಮಾತ್ರ ಪ್ರಾಣ ಇಟ್ಟು ಓದಿದ್ದೆ ಎಂದು ಹೇಳಲು ಲುತ್ಫಿ ಮುಂದೆ ಬರುವಷ್ಟರಲ್ಲಿ ಮೇಷ್ಟ್ರು ಬಾಗಿಲ ಕಡೆ ತಿರುಗಿದ್ದರು. ಬಾಲ್ಕನಿಯ ಬಾಗಿಲಲ್ಲಿ ಸಫೀನಾಜ್ ಬಿಳಿಚಿಕೊಂಡು ನಿಂತಿದ್ದಳು. ಅವನ ಕಣ್ಣಲ್ಲಿ ನೀರು ಬಂತು.

ಮೂವರು ದಲ್ಲಾಳಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆ ಮುರಿದರೆ ಮನೆ ಇಲ್ಲ. ಮನೆ ಇಲ್ಲದಿದ್ದರೆ ಕಮಿಷನ್ ಇಲ್ಲ. ಒಂದು ಕ್ಷಣದ ಹಿಂದೆ ಕತ್ತು ಹಿಸುಕಲು ಹೊರಟಿದ್ದವರು ಕಣ್ಣಲ್ಲೇ ರಾಜಿಯಾದರು. ಶಾಹೀನ್ ಹಾರಿ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಮೇಷ್ಟ್ರೇ, ಒಂದೇ ನಿಮಿಷ. ಇಂಥ ಮಾಲು ಮಾರ್ಕೆಟ್‌ಗೆ ಮತ್ತೆ ಬರಲ್ಲ! ಸರ್ಕಾರಿ ನೌಕರಿ, ಪೆನ್ಷನ್ ಇದೆ, ಕಾಗದ ಪತ್ರ ಎಲ್ಲ ಶುದ್ಧ. ಇದುವರೆಗೂ ಯಾರೂ ವಾಸ ಮಾಡಿಲ್ಲ, ಹೊಚ್ಚ ಹೊಸದು. ನೀವು ಇವತ್ತು ಬಿಟ್ರೆ ನಾಳೆಗೆ ಇರಲ್ಲ. ಇನ್ನೊಂದು ಪಾರ್ಟಿ ಕೆಳಗೆ ಕಾರಲ್ಲೇ ಕಾಯ್ತಿದೆ."

ಕರೀಮಾನ್ ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿ ನೋಡಿದಳು.

"ಹೊಸದೇನಲ್ಲ" ಎಂದ ಬಖೀತ್ ಚಾಚಾ. "ಮೇಲ್ಗಡೆ ಸ್ವಲ್ಪ ಉದುರಿದೆ, ತಲೆ ನೋಡಿದ್ರೆ ಗೊತ್ತಾಗತ್ತೆ. ಆದ್ರೆ ಅಡಿಪಾಯ ಗಟ್ಟಿ ಸ್ವಾಮಿ. ಹನ್ನೆರಡು ವರ್ಷದಲ್ಲಿ ಒಂದು ಗಲಾಟೆ ಇಲ್ಲ. ಹತ್ತು ಗಂಟೆಗೆ ದೀಪ ಆರತ್ತೆ."

ಮೇಷ್ಟ್ರು ಆಗದೆಂದು ತಲೆ ಅಲ್ಲಾಡಿಸಿದರು. ಆಗ ಹಾಜ್ಜಾ ಇನ್ಸಾಫ್ ಇಬ್ಬರನ್ನೂ ಬದಿಗೆ ತಳ್ಳಿ ಮುಂದೆ ಬಂದಳು.

"ಬರೀ ಒಳ್ಳೇದು ಹೇಳೋನು ದಲ್ಲಾಳಿಯೇ ಅಲ್ಲ. ನಾನು ದೋಷ ಹೇಳ್ತೀನಿ, ಕೇಳಿ. ಈ ಹುಡುಗನಿಗೆ ಇಲ್ಲ ಅನ್ನೋಕೆ ಬರಲ್ಲ. ಹೋದ ಚಳಿಗಾಲ ತಪ್ಪಿ ಬೇರೆಯವರ ಅಂಗಿ ಕೊಟ್ಟುಬಿಟ್ಟೆ. ನನ್ನ ಮನಸ್ಸಿಗೆ ನೋವಾಗುತ್ತೆ ಅಂತ, ಮೊಣಕಾಲು ಮುಟ್ಟೋ ಅಂಗಿನ ಒಂದು ವಾರ ಹಾಕ್ಕೊಂಡು ಕಚೇರಿಗೆ ಹೋದ. ಏನು ಹೇಳಿದ್ರೂ ಹೂಂ ಅಂತಾನೆ. ರಿಪೇರಿ ಆಗೋ ದೋಷ ಅಲ್ಲ ಇದು. ಬೇಕಾದ್ರೆ ತಗೊಳ್ಳಿ, ಇಲ್ಲ ಬಿಡಿ."

ಕರೀಮಾನ್ ನಿಧಾನವಾಗಿ ಬಾಲ್ಕನಿಯಿಂದ ಒಳಗೆ ಬಂದಳು.

"ಏನು ಹೇಳಿದ್ರೂ ಹೂಂ ಅಂತಾನಾ?"

"ಏನು ಹೇಳಿದ್ರೂ."

ಕರೀಮಾನ್ ತನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಮನುಷ್ಯನ ಬಾಯಿಂದ ಮೂವತ್ತೈದು ವರ್ಷದಲ್ಲಿ ಒಂದು ಹೂಂ ಬಿದ್ದಿಲ್ಲ. ಇಲ್ಲ ಅನ್ನೋಕೆ ಬರದ ಗಂಡು ಸಿಕ್ಕಿದ್ರೆ ಅದನ್ನ ದೋಷ ಅಂತೀರಲ್ರೀ! ಮೇಷ್ಟ್ರೇ, ಕೂತ್ಕೊಳ್ಳಿ. ಎಲ್ಲೂ ಹೋಗಲ್ಲ ನಾವು."

"ಆದ್ರೆ ಕರೀಮಾನ್..."

"ಕೂತ್ಕೊಳ್ಳಿ ಅಂದೆ. ಲುತ್ಫಿ, ಮಗಾ, ಇಲ್ಲಿ ಬಾ. ಆ ಹಿಂದಿನ ಕೋಣೆ ಇದೆಯಲ್ಲ, ಬೆಚ್ಚಗಿದೆ. ಚಳಿಗಾಲ ಪೂರ್ತಿ ನಾನು ಇಲ್ಲೇ ಇರ್ತೀನಿ. ನಿನ್ನ ಮಾವನ ಹಳೇ ಪುಸ್ತಕಗಳನ್ನೂ ಇಲ್ಲೇ ಇಡೋಣ, ನನ್ನ ಮನೆ ಸ್ವಲ್ಪ ಖಾಲಿ ಆಗಲಿ. ಏನಂತೀಯಾ? ಫಾತಿಹಾ!"

ಅವಳ ಅಂಗೈಗಳು ಮೇಲೆದ್ದವು. ಲುತ್ಫಿಯ ಬೆರಳುಗಳು ಆಗಲೇ ಬಿಚ್ಚಿಕೊಳ್ಳುತ್ತಿದ್ದವು. ಕೈ ಸೊಂಟದ ಮಟ್ಟ ದಾಟಿ ಎದೆಯ ಕಡೆ ಹೊರಟಿತ್ತು. ಸಫೀನಾಜ್ ಮೂರೇ ಹೆಜ್ಜೆಗೆ ಕೋಣೆ ದಾಟಿ ಬಂದು, ತನ್ನ ದೊಡ್ಡ ಕೈಚೀಲವನ್ನು ಅವನ ಎರಡೂ ಕೈಗೆ ತುರುಕಿದಳು.

"ಇದನ್ನ ಹಿಡ್ಕೊಳ್ಳಿ. ಬಿಡಬೇಡಿ."

ಲುತ್ಫಿ ಹಿಡಿದುಕೊಂಡ. ಚೀಲ ಕಲ್ಲಿನಷ್ಟು ಭಾರವಾಗಿತ್ತು.

"ಅಮ್ಮಾ, ಕೈ ಇಳಿಸು. ಚಳಿಗಾಲದಲ್ಲಿ ಹದಿನೈದು ದಿನ ಬಾ, ಅಪ್ಪನ ಪುಸ್ತಕ ಅಪ್ಪನ ಮನೇಲೇ ಇರಲಿ. ಅಪ್ಪಾ, ನೀವು ನನ್ನನ್ನ ಕೇಳಿ ಫಾತಿಹಾ ಓದಿದ್ರಿ. ವಾಪಸ್ ತಗೊಳ್ಳೋವಾಗ ನನ್ನನ್ನ ಕೇಳಿದ್ರಾ? ಇಲ್ಲ ತಾನೆ, ಹಾಗಾದ್ರೆ ಅದು ವಾಪಸ್ ಆಗಿಲ್ಲ." ಮೇಷ್ಟ್ರು ಲೆಕ್ಕದಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಅವಳು ದಲ್ಲಾಳಿಗಳ ಕಡೆ ತಿರುಗಿದಳು. "ಮನೆ ಒಂದು, ಕಮಿಷನ್ ಒಂದು. ಮೂವರೂ ಸಮನಾಗಿ ಹಂಚ್ಕೊಳ್ಳಿ. ಒಪ್ಪಿಗೆ ಇಲ್ದೋರು ಈಗಲೇ ಮೆಟ್ಟಿಲಿಳೀಬಹುದು."

ದಲ್ಲಾಳಿಗಳು ಮೂವರೂ ಇಂಥ ವ್ಯವಹಾರವನ್ನು ಕಂಡವರಲ್ಲ. ಶಾಹೀನ್ ಮೆಲ್ಲಗೆ ಲುತ್ಫಿಯ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ, ಎರಡೂ ಅಂಗೈಗಳನ್ನು ಅರ್ಧ ಮೇಲೆತ್ತಿದ. "ಪಾಷಾ, ಮೊದಲು ಓದಿದ್ದು ನನ್ನ ಹತ್ರ ಅಲ್ವಾ? ಆ ಇಬ್ಬರಿಗಿಂತ ನನಗೊಂದು ಚೂರು ಜಾಸ್ತಿ... ನಿಮ್ಮ ಬಾಯಲ್ಲಿ ಒಂದು ಮಾತು ಬಂದ್ರೆ ಸಾಕು."

ಲುತ್ಫಿ ಆ ಎತ್ತಿದ ಕೈಗಳನ್ನು ನೋಡಿದ. ಚೀಲವನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ.

"ಅವಳನ್ನ ಕೇಳಿ" ಎಂದ.